ಹುಂಡಿ ಇಲ್ಲದ ಗುಡಿ

ದೆಹಲಿ ಟೂರ್ ಪ್ಯಾಕೇಜುಗಳಲ್ಲಿ ಲೋಟಸ್ ಟೆಂಪಲ್‌ಗೆ ಹೆಚ್ಚೆಂದರೆ ಒಂದು ಗಂಟೆ ಇಟ್ಟಿರ್ತಾರೆ. ಚಪ್ಪಲಿ ಬಿಡು, ಸಾಲಲ್ಲಿ ನಿಲ್ಲು, ಒಳಗೆ ಎರಡು ನಿಮಿಷ ಕೂರು, ಹೊರಗೆ ಬಂದು ಕೊಳದ ಹತ್ತಿರ ಫೋಟೋ ತೆಗೆಸ್ಕೋ. ವಾಪಸ್ ಬಸ್ ಹತ್ತಿದ ಮೇಲೆ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಕಟ್ಟಡ ಏನೋ ಚೆನ್ನಾಗಿತ್ತು, ಆದ್ರೆ ಒಳಗೆ ಏನೂ ಇರ್ಲಿಲ್ವಲ್ರೀ!"

ಹಗುರವಾಗಿ ಬಂದ ಮಾತು. ಆದರೆ ಈ ಕಟ್ಟಡದ ವಿಮರ್ಶೆಯನ್ನ ಶುರು ಮಾಡಬೇಕಾದ್ದೇ ಇಲ್ಲಿಂದ. ಅದರ ಅರ್ಥ ಇರೋದು ಒಳಗೆ ಏನಿದೆ ಅನ್ನೋದಕ್ಕಿಂತ ಹೆಚ್ಚಾಗಿ, ಏನನ್ನ ಬೇಡ ಅಂತ ಬಿಟ್ಟಿದ್ದಾರೆ ಅನ್ನೋದರಲ್ಲಿ. ತೊಂದರೆ ಏನಂದ್ರೆ, ಹೊರಗಿನ ಹೂವು ಎಷ್ಟು ಚೆನ್ನಾಗಿದೆ ಅಂದ್ರೆ ಆ ಪ್ರಶ್ನೆ ಕೇಳೋಕೆ ನಮಗೆ ಪುರುಸೊತ್ತೇ ಕೊಡೋದಿಲ್ಲ.

ಮೊದಲು ಹೂವಿನ ಮಾತೇ ಮುಗಿಸೋಣ. ವಾಸ್ತುಶಿಲ್ಪಿ ಫರಿಬೋರ್ಜ್ ಸಹಬಾ ಇರಾನ್‌ನವರು. 1976ರಲ್ಲಿ ಈ ಕೆಲಸ ಅವರ ಕೈಗೆ ಬಂತು. ಭಾರತದ ಎಲ್ಲರಿಗೂ ತಮ್ಮದು ಅನ್ನಿಸುವಂಥ ರೂಪಕ್ಕಾಗಿ ದೇಶ ಸುತ್ತಿದರು, ಕಮಲ ಸಿಕ್ಕಿತು. 27 ದಳಗಳು, ಒಂಬತ್ತು ಬದಿ, ಒಂಬತ್ತು ಬಾಗಿಲು, ಸುತ್ತ ಒಂಬತ್ತು ಕೊಳ. ಮೇಲೆ ಹೊದಿಸಿರೋದು ಗ್ರೀಸ್‌ನ ಪೆಂಟೆಲಿ ಬೆಟ್ಟದ ಬಿಳಿ ಅಮೃತಶಿಲೆ. ಒಳಗಿನ ಸಭಾಂಗಣ 34 ಮೀಟರ್‌ಗೂ ಹೆಚ್ಚು ಎತ್ತರ. ಒಂದು ದಳದ ಕಾಂಕ್ರೀಟು ಶುರು ಮಾಡಿದರೆ ಮಧ್ಯೆ ನಿಲ್ಲಿಸೋ ಹಾಗಿರಲಿಲ್ಲ, ನಿಲ್ಲಿಸಿದರೆ ಜೋಡಣೆಯ ಗೆರೆ ಕಾಣುತ್ತೆ. ದೆಹಲಿ ಬಿಸಿಲಿಗೆ ಕಾಂಕ್ರೀಟು ಕಾಯದಿರಲಿ ಅಂತ ಅದಕ್ಕೆ ಐಸ್ ಬೆರೆಸಿದರು. ಅದನ್ನ ಬಾಣಲಿಗಳಲ್ಲಿ ತಲೆ ಮೇಲೆ ಹೊತ್ತು ಮೆಟ್ಟಿಲು ಹತ್ತಿದವರು ಕೂಲಿ ಹೆಂಗಸರು. ಈ ಹೆಂಗಸರನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತಾರೆ.

ಕಟ್ಟಡವಾಗಿ ಇದು ಗೆದ್ದಿದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಬಹಾಯಿಗಳ ಬೇರೆ ಮಂದಿರಗಳ ಜೊತೆ ಇಟ್ಟು ನೋಡಿದಾಗ ಒಂದು ವ್ಯತ್ಯಾಸ ಕಾಣುತ್ತೆ. ಶಿಕಾಗೊ ಹತ್ತಿರದ ವಿಲ್ಮೆಟ್‌ನಲ್ಲಿ 1953ರಲ್ಲಿ ಪೂರ್ಣಗೊಂಡ ಮಂದಿರದ ಕಂಬಗಳಲ್ಲಿ ಹಲವು ಧರ್ಮಗಳ ಚಿಹ್ನೆಗಳನ್ನ ಕೆತ್ತಿದ್ದಾರೆ. ಅದು ತನ್ನ ಮಾತನ್ನ ಕಲ್ಲಿನಲ್ಲಿ ಬರೆದಿಟ್ಟಿದೆ. ಚಿಲಿಯ ಸಾಂಟಿಯಾಗೊದಲ್ಲಿ 2016ರಲ್ಲಿ ತೆರೆದ ಮಂದಿರ ಇಂಥದ್ದೇ ಅಂತ ಹೇಳಲಾಗದ ಒಂದು ಆಕಾರ, ಬೆಳಕು ಹಾಯುವ ಒಂಬತ್ತು ರೆಕ್ಕೆ ಅಷ್ಟೇ. ಅದನ್ನ ನೋಡಿದವರು 'ಇದೇನು?' ಅಂತ ಕೇಳಲೇಬೇಕು. ದೆಹಲಿಯದನ್ನ ನೋಡಿದ ಕೂಡಲೇ ನಾವು 'ಕಮಲ' ಅಂದುಬಿಡ್ತೀವಿ. ಉತ್ತರ ಸಿಕ್ಕಿತಲ್ಲ, ಪ್ರಶ್ನೆ ಅಲ್ಲಿಗೇ ಮುಗೀತು.

ಈಗ ಒಳಗೆ ಬನ್ನಿ. ಮೂರ್ತಿ ಇಲ್ಲ, ಚಿತ್ರ ಇಲ್ಲ. ಅರ್ಚಕರಿಲ್ಲ, ಯಾಕಂದ್ರೆ ಈ ಧರ್ಮದಲ್ಲಿ ಪುರೋಹಿತ ವರ್ಗವೇ ಇಲ್ಲ. ಪ್ರವಚನ ಇಲ್ಲ, ಅದಕ್ಕೆ ವೇದಿಕೆಯೂ ಇಲ್ಲ. ಯಾವ ಧರ್ಮದ ಗ್ರಂಥವನ್ನಾದರೂ ಓದಬಹುದು, ಹಾಡಬಹುದು, ಆದರೆ ವಾದ್ಯ ಕೂಡದು. ಮನುಷ್ಯರ ದನಿ ಮಾತ್ರ. ನಮ್ಮ ಕಣ್ಣಿಗೆ ತಕ್ಷಣ ಹೊಡೆಯೋದು ಇನ್ನೊಂದು: ಹುಂಡಿ ಇಲ್ಲ. ಬಹಾಯಿಗಳಲ್ಲದವರಿಂದ ತಮ್ಮ ಧರ್ಮದ ಕೆಲಸಕ್ಕೆ ಹಣ ತಗೊಳ್ಳೋದಿಲ್ಲ ಅನ್ನೋದು ಅವರ ನಿಯಮ. ನೀವು ಎಷ್ಟೇ ಭಕ್ತಿಯಿಂದ ನೂರು ರೂಪಾಯಿ ಹಿಡಿದು ನಿಂತರೂ ಹಾಕೋಕೆ ಜಾಗ ಇಲ್ಲ. ಈ ಜಮೀನಿಗೆ 1953ರಲ್ಲಿ ಹಣ ಕೊಟ್ಟವರು ಸಿಂಧ್‌ನ ಹೈದರಾಬಾದಿನ ಅರ್ದೇಶಿರ್ ರುಸ್ತಮ್‌ಪುರ್ ಅನ್ನೋ ಬಹಾಯಿ. ಜೀವಮಾನದ ಉಳಿತಾಯವನ್ನೆಲ್ಲ ಅದಕ್ಕೇ ಕೊಟ್ಟರು.

ಈ ಒಂದೊಂದು 'ಇಲ್ಲ'ದ ಹಿಂದೆಯೂ ಒಂದು ಜಗಳದ ಇತಿಹಾಸ ಇದೆ. ಈ ಧರ್ಮದ ಸ್ಥಾಪಕ ಬಹಾವುಲ್ಲಾ 1817ರಲ್ಲಿ ಟೆಹ್ರಾನಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವರು. ಅವರಿಗಿಂತ ಮುಂಚೆ, ದೇವರ ಹೊಸ ದೂತ ಬರಲಿದ್ದಾನೆ ಅಂತ ಸಾರಿದ 'ಬಾಬ್' ಅನ್ನೋರನ್ನ 1850ರಲ್ಲಿ ತಬ್ರೀಜ್‌ನಲ್ಲಿ ಗುಂಡಿಟ್ಟು ಕೊಂದರು. 1852ರಲ್ಲಿ ಬಹಾವುಲ್ಲಾ ಅವರನ್ನ ಟೆಹ್ರಾನಿನ ನೆಲಮಾಳಿಗೆ ಜೈಲಿಗೆ ತಳ್ಳಿದರು. ಆಮೇಲೆ ಗಡೀಪಾರು: ಬಾಗ್ದಾದ್, ಇಸ್ತಾಂಬುಲ್, ಎಡಿರ್ನೆ, ಕೊನೆಗೆ 1868ರಲ್ಲಿ ಅಕ್ಕಾ ಕೋಟೆ. ಆ ಬಂದೀಖಾನೆ ಊರಿನ ಹತ್ತಿರವೇ 1892ರಲ್ಲಿ ತೀರಿಕೊಂಡರು. ನಲವತ್ತು ವರ್ಷ ಜೈಲು, ಗಡೀಪಾರು. ರಾಜನೂ ಪುರೋಹಿತನೂ ಕೈಜೋಡಿಸಿದಾಗ ಏನಾಗುತ್ತೆ ಅಂತ ಮೈಮೇಲೆ ಅನುಭವಿಸಿದ ಮನುಷ್ಯ ಕಟ್ಟಿದ ಧರ್ಮದಲ್ಲಿ ಪುರೋಹಿತನಿಗೆ ಕುರ್ಚಿ ಇಲ್ಲ ಅನ್ನೋದು ಸುಮ್ಮನೆ ಆದದ್ದಲ್ಲ.

ಅವರು ಹೇಳಿದ್ದೇನು? "ಎಲ್ಲಾ ಧರ್ಮಾನೂ ಒಂದೇ ಅಂತಾರಂತೆ" ಅಂತ ನಾವು ಒಂದೇ ಸಾಲಲ್ಲಿ ಮುಗಿಸ್ತೀವಿ. ವಾಟ್ಸಾಪ್ ಗುಡ್ ಮಾರ್ನಿಂಗ್ ಸಂದೇಶದ ಥರ. ಬಹಾವುಲ್ಲಾ ಹೇಳಿದ್ದು ಇದಕ್ಕಿಂತ ಬಹಳ ಖಾರವಾದ ಮಾತು. ದೇವರು ಒಬ್ಬನೇ, ಅವನು ಕಾಲಕಾಲಕ್ಕೆ ದೂತರನ್ನ ಕಳಿಸ್ತಾನೆ, ಆಯಾ ಕಾಲಕ್ಕೆ ಬೇಕಾದ್ದನ್ನ ಅವರು ಕಲಿಸ್ತಾರೆ, ಈ ಕಾಲಕ್ಕೆ ಬಂದಿರೋನು ನಾನು, ನನ್ನ ನಂತರವೂ ಇದು ಮುಂದುವರಿಯುತ್ತೆ. ಇದನ್ನ ಒಪ್ಪಿದರೆ ಯಾವ ಧರ್ಮವೂ 'ನಮ್ಮದೇ ಕೊನೇ ಮಾತು' ಅನ್ನೋ ಹಾಗಿಲ್ಲ. ಇರಾನಿನ ಮೌಲ್ವಿಗಳಿಗೆ ಸಹಿಸಲಾಗದೆ ಹೋದದ್ದು ಇದೇ. ನಮ್ಮೂರಿನ ಸರ್ವಧರ್ಮ ಸಮ್ಮೇಳನದ ಬ್ಯಾನರಿನಲ್ಲಿರೋ ಸೌಹಾರ್ದದಿಂದ ಯಾರಿಗೂ ಕೋಪ ಬರಲ್ಲ. ಈ ಮಾತಿಗೆ ಕೋಪ ಬಂತು.

ಎಷ್ಟು ಬಂತು ಅಂದ್ರೆ, ದೆಹಲಿಯಲ್ಲಿ ಈ ದಳಗಳು ಏಳುತ್ತಿದ್ದ ವರ್ಷಗಳನ್ನೇ ನೋಡಿ. 1979ರಲ್ಲಿ ಇರಾನ್ ಕ್ರಾಂತಿ. ಅದೇ ವರ್ಷ ಶಿರಾಜ್‌ನಲ್ಲಿ ಬಹಾಯಿಗಳಿಗೆ ಅತ್ಯಂತ ಪವಿತ್ರವಾದ ಬಾಬ್ ಅವರ ಮನೆಯನ್ನ ಕೆಡವಿದರು. ಕ್ರಾಂತಿಯ ನಂತರದ ವರ್ಷಗಳಲ್ಲಿ 200ಕ್ಕೂ ಹೆಚ್ಚು ಬಹಾಯಿಗಳು ಕೊಲೆಯಾದರು. 1983ರ ಜೂನ್ 18ರಂದು ಅದೇ ಶಿರಾಜ್‌ನಲ್ಲಿ ಹತ್ತು ಹೆಂಗಸರನ್ನ ಗಲ್ಲಿಗೇರಿಸಿದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಮೋನಾ ಮಹ್ಮೂದ್‌ನಿಜಾದ್, ವಯಸ್ಸು 17. ಅವಳ ಮೇಲಿದ್ದ ಆರೋಪಗಳಲ್ಲಿ ಒಂದು, ಮಕ್ಕಳಿಗೆ ತನ್ನ ಧರ್ಮದ ಪಾಠ ಹೇಳಿಕೊಟ್ಟಿದ್ದು. ಒಂದು ಕಡೆ ಮನೆ ಕೆಡವುತ್ತಿದ್ದರು, ಇನ್ನೊಂದು ಕಡೆ ಅದೇ ದೇಶದ ವಾಸ್ತುಶಿಲ್ಪಿ ಹೂವು ಕಟ್ಟಿಸುತ್ತಿದ್ದ. 1986ರ ಡಿಸೆಂಬರ್‌ನಲ್ಲಿ ಮಂದಿರದ ಸಮರ್ಪಣೆ ಆಯಿತು.

ಇಷ್ಟು ಗೊತ್ತಾದ ಮೇಲೆ ಒಳಗಿನ ಆ ಮೌನ ಬರೀ 'ಪೀಸ್‌ಫುಲ್' ಅನ್ನಿಸಲ್ಲ. ಕಟ್ಟಡದ ಮೇಲೆ ನನಗಿರೋ ದೊಡ್ಡ ತಕರಾರೂ ಇಲ್ಲೇ. ಪ್ರಾಣ ಕೊಟ್ಟು ಉಳಿಸಿಕೊಂಡ ಒಂದು ಹರಿತವಾದ ವಿಚಾರವನ್ನ ಅದು ಯಾರಿಗೂ ಚುಚ್ಚದ ಹೂವಾಗಿ ತೋರಿಸುತ್ತೆ. ನೋಡಲು ಬರೋರಲ್ಲಿ ಎಷ್ಟೋ ಜನ ಒಂದು ಧರ್ಮವನ್ನ ಭೇಟಿಯಾದೆವು ಅನ್ನೋ ಅರಿವೇ ಇಲ್ಲದೆ ಹೊರಗೆ ಬರ್ತಾರೆ. ಎಲ್ಲರಿಗೂ ಬಾಗಿಲು ತೆರೆದಿಡೋದು ದೊಡ್ಡ ಗುಣ, ಅದಕ್ಕೆ ಕೈ ಮುಗಿಯಬೇಕು. ಆದರೆ ಅತಿಥಿಗೆ ಮನೆಯವರ ಹೆಸರೂ ತಿಳಿಯದೆ ಹೋದರೆ ಅದು ಆತಿಥ್ಯದ ಕೊರತೆಯೇ. ಇನ್ನೊಂದು ವಿಷಯ: ಬಹಾವುಲ್ಲಾ ಕಲ್ಪನೆಯ ಮಂದಿರ ಒಂಟಿ ಕಟ್ಟಡ ಅಲ್ಲ, ಸುತ್ತ ಶಾಲೆ, ಆಸ್ಪತ್ರೆಯಂಥ ಸೇವೆಗಳು ಬೆಳೆಯಬೇಕು ಅನ್ನೋದು ಆಶಯ. ದೆಹಲಿಯಲ್ಲಿ ಪ್ರವಾಸಿಗನ ಕಣ್ಣಿಗೆ ಬೀಳೋದು ಹುಲ್ಲುಹಾಸು, ಕೊಳ, ಮಾಹಿತಿ ಕೇಂದ್ರ.

ಈಗ ಆ ಕಾಂಕ್ರೀಟು ಹೊತ್ತ ಹೆಂಗಸರ ಮಾತು. ಗಂಡು ಹೆಣ್ಣು ಸಮಾನ ಅನ್ನೋದು ಬಹಾಯಿ ಬೋಧನೆಯ ಮುಖ್ಯ ಅಂಶ. 19ನೇ ಶತಮಾನದ ಇರಾನಿನಲ್ಲಿ ಅದನ್ನ ಹೇಳೋಕೆ ಗುಂಡಿಗೆ ಬೇಕಿತ್ತು. ಬಾಬ್ ಅನುಯಾಯಿ, ಕವಯಿತ್ರಿ ತಾಹಿರಾ 1848ರಲ್ಲೇ ಗಂಡಸರ ಸಭೆಯಲ್ಲಿ ಮುಸುಕು ತೆಗೆದು ನಿಂತಳು, 1852ರಲ್ಲಿ ಅವಳನ್ನ ಕೊಂದರು. ಇಂಥ ಪರಂಪರೆಯ ಧರ್ಮದಲ್ಲಿ ಹೈಫಾದಲ್ಲಿರುವ ಅತ್ಯುನ್ನತ ಸಂಸ್ಥೆ, ಅಂದರೆ ವಿಶ್ವ ನ್ಯಾಯ ಮಂದಿರದ ಒಂಬತ್ತೂ ಸದಸ್ಯರು ಗಂಡಸರೇ ಆಗಿರಬೇಕು. ಉಳಿದೆಲ್ಲ ಸಂಸ್ಥೆಗಳಲ್ಲಿ ಹೆಂಗಸರಿದ್ದಾರೆ, ಮತ ಹಾಕ್ತಾರೆ, ಆರಿಸಿ ಬರ್ತಾರೆ. ಇಲ್ಲಿ ಮಾತ್ರ ಇಲ್ಲ. ಇದರ ಹಿಂದಿನ ವಿವೇಕ ಮುಂದೊಂದು ದಿನ ಎಲ್ಲರಿಗೂ ಸ್ಪಷ್ಟವಾಗುತ್ತೆ ಅನ್ನೋದು ಬಹಾವುಲ್ಲಾ ಅವರ ಮಗ ಅಬ್ದುಲ್ ಬಹಾ ಕೊಟ್ಟ ಉತ್ತರ. ನಂಬಿದವರಿಗೆ ಅದು ಸಾಕಾಗಬಹುದು. ಸತ್ಯವನ್ನ ಪ್ರತಿಯೊಬ್ಬರೂ ಸ್ವತಂತ್ರವಾಗಿ ಹುಡುಕಬೇಕು ಅಂತ ಕಲಿಸುವ ಧರ್ಮ, ಈ ಒಂದು ವಿಷಯದಲ್ಲಿ 'ಕಾದು ನೋಡಿ' ಅಂದರೆ ಹೊರಗಿನವರಿಗೆ ಸಾಕಾಗಲ್ಲ.

ಹಾಗಂತ ಇಷ್ಟಕ್ಕೇ ಫೈಲ್ ಮುಚ್ಚೋಕಾಗಲ್ಲ. ಯಾಕಂದ್ರೆ ಈ ಸಮುದಾಯದ ದಿನನಿತ್ಯದ ಬದುಕು ಕಟ್ಟಡಕ್ಕಿಂತ ಗಟ್ಟಿಯಾಗಿದೆ. ಅವರ ಕ್ಯಾಲೆಂಡರಿನಲ್ಲಿ 19 ದಿನಗಳ 19 ತಿಂಗಳು. ಪ್ರತಿ ತಿಂಗಳೂ ಆ ಊರಿನ ಬಹಾಯಿಗಳು ಸೇರ್ತಾರೆ: ಮೊದಲು ಪ್ರಾರ್ಥನೆ, ಆಮೇಲೆ ಸಮುದಾಯದ ವಿಷಯಗಳ ಚರ್ಚೆ, ಕೊನೆಗೆ ಊಟ-ಹರಟೆ. ಊರಿನ ವ್ಯವಹಾರ ನೋಡಿಕೊಳ್ಳೋಕೆ ವರ್ಷಕ್ಕೊಮ್ಮೆ ಒಂಬತ್ತು ಜನರನ್ನ ಆರಿಸ್ತಾರೆ. ಅದಕ್ಕೆ ನಾಮಪತ್ರ ಇಲ್ಲ, ಪ್ರಚಾರ ಇಲ್ಲ. 'ನನಗೆ ವೋಟು ಹಾಕಿ' ಅನ್ನೋದೇ ನಿಷಿದ್ಧ. ಸಭೆಯಲ್ಲಿ ಒಂದು ಐಡಿಯಾ ಮೇಜಿನ ಮೇಲೆ ಇಟ್ಟ ಮೇಲೆ ಅದು ಇಟ್ಟವರದ್ದಲ್ಲ, ಸಭೆಯದ್ದು. ಅದನ್ನ ಸಮರ್ಥಿಸಿಕೊಳ್ಳೋ ಹಟ ಬಿಡಬೇಕು. ಸೋಮವಾರದ ರಿವ್ಯೂ ಮೀಟಿಂಗಿನಲ್ಲಿ "ಇದು ನಾನು ಹೋದ ಕ್ವಾರ್ಟರಲ್ಲೇ ಹೇಳಿದ್ದೆ" ಅನ್ನೋ ನಮ್ಮಂಥವರಿಗೆ ಇದು ಮೂರ್ತಿ ಇಲ್ಲದ ಗುಡಿಗಿಂತ ದೊಡ್ಡ ಆಶ್ಚರ್ಯ ಆಗಬೇಕು.

ಇರಾನಿನಲ್ಲಿ ಬಹಾಯಿ ಹುಡುಗ ಹುಡುಗಿಯರಿಗೆ ಯೂನಿವರ್ಸಿಟಿ ಬಾಗಿಲು ಮುಚ್ಚಿತು. 1987ರಲ್ಲಿ ಅವರು ತಮ್ಮದೇ ಉನ್ನತ ಶಿಕ್ಷಣ ಸಂಸ್ಥೆ ಶುರು ಮಾಡಿಕೊಂಡರು. ಮನೆಗಳ ಕೋಣೆಗಳಲ್ಲಿ ತರಗತಿ, ಕೆಲಸ ಕಳೆದುಕೊಂಡ ಪ್ರೊಫೆಸರುಗಳೇ ಮೇಷ್ಟ್ರು. ಪೊಲೀಸರು ಬಂದು ಪುಸ್ತಕ, ಕಂಪ್ಯೂಟರು ಹೊತ್ತೊಯ್ದರು, ಪಾಠ ಹೇಳಿದವರನ್ನ ಜೈಲಿಗೆ ಹಾಕಿದರು. ಪಾಠ ಮತ್ತೆ ಶುರುವಾಯಿತು. ಅದೇ 1987ರ ಜನವರಿಯಲ್ಲಿ ದೆಹಲಿಯ ಕಮಲ ಸಾರ್ವಜನಿಕರಿಗೆ ತೆರೆದಿತ್ತು. ಈ ಧರ್ಮವನ್ನ ತೂಗಿ ನೋಡಬೇಕು ಅನ್ನೋರು ಎರಡನ್ನೂ ಜೊತೆಗಿಟ್ಟು ತೂಗಬೇಕು. ಅಮೃತಶಿಲೆಯ ಮಂದಿರ ಎಲ್ಲರ ಫೋನಿನಲ್ಲಿದೆ. ಆ ಕೋಣೆಗಳ ಫೋಟೋ ಮಾತ್ರ ನಮ್ಮ ಯಾರ ಹತ್ತಿರವೂ ಇಲ್ಲ.