ಪ್ರಾಣಿಗೂ ನಮಗೂ ನಡುವಿನ ನೆಲ

ಬೀದರ್, ಭಾಲ್ಕಿ, ಔರಾದ್ ಕಡೆಯ ಮಕ್ಕಳಿಗೆ ದೊಡ್ಡ ಮೃಗಾಲಯವೆಂದರೆ ಹೈದರಾಬಾದಿನ ಝೂ ಪಾರ್ಕ್. 1963ರಲ್ಲಿ ಆರಂಭವಾದ ನೆಹರೂ ಮೃಗಾಲಯಕ್ಕೆ ನಮ್ಮವರ ಬಾಯಲ್ಲಿ ಇರುವ ಹೆಸರು ಅದು. ನೋಡಿ ಬಂದ ಮಕ್ಕಳನ್ನು ಕೇಳಿದರೆ ಮೊದಲು ಹುಲಿ, ಸಿಂಹ ಎನ್ನುತ್ತಾರೆ. ಇನ್ನಷ್ಟು ಮಾತಾಡಿಸಿದರೆ ಬೇರೆಯದೇ ಹೊರಬರುತ್ತದೆ: ಮರದ ನೆರಳಲ್ಲಿ ಬಿಚ್ಚಿದ ಬುತ್ತಿ, ಮೀರ್ ಆಲಂ ಕೆರೆಯ ಗಾಳಿ, ಸಿಂಹ ಎಲ್ಲಿದೆಯೆಂದು ಹುಡುಕುತ್ತ ನಿಂತ ಗಳಿಗೆ. ನಮ್ಮ ಬಾಲ್ಯದ ನೆನಪೂ ಇಂಥದ್ದೇ.

ಆದರೂ ನಾವು ಮೃಗಾಲಯವನ್ನು ಪ್ರಾಣಿಗಳ ಲೆಕ್ಕದಿಂದಲೇ ಅಳೆಯುತ್ತೇವೆ. ಜರ್ಮನಿಯ ಹಾಗೆನ್‌ಬೆಕ್ 1907ರಲ್ಲಿ ಹ್ಯಾಂಬರ್ಗ್ ಬಳಿ ಕಟ್ಟಿದ ಮೃಗಾಲಯದಲ್ಲಿ ಸಿಂಹದ ಮುಂದಿನ ಕಂಬಿ ತೆಗೆದು ಕಂದಕ ತೋಡಿಸಿದ. ಪ್ರಾಣಿ ಅದೇ, ಸೆರೆಯೂ ಅದೇ. ನೋಡುವವರ ಮನಸ್ಸು ಮಾತ್ರ ಬದಲಾಯಿತು. ಕಂಬಿಯ ಹಿಂದಿನ ಸಿಂಹ ಕೈದಿ. ಬಂಡೆಯ ಮೇಲೆ ಮಲಗಿದ ಸಿಂಹ ಯಜಮಾನ. ಇದರಲ್ಲೊಂದು ಮೋಸವೂ ಇದೆ ಎನ್ನುವುದನ್ನು ಮರೆಯಬಾರದು. ಹಸಿರು ನಮ್ಮ ಕಣ್ಣಿಗೆ ಹಿತವಾದ ಮಾತ್ರಕ್ಕೆ ಪ್ರಾಣಿಗೂ ಹಿತವಾಗಬೇಕೆಂದಿಲ್ಲ.

ಕಂದಕದ ಮಾತು ಬೀದರಿನವರಿಗೆ ಹೊಸದಲ್ಲ. ನಮ್ಮ ಕೋಟೆಯ ಸುತ್ತ ಕೆಂಪು ಜಂಬಿಟ್ಟಿಗೆ ಕಲ್ಲನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕವಿದೆ. ಒಳಗೆ ಹೋಗುವಾಗ ಶರ್ಜಾ ದರ್ವಾಜಾದ ಮೇಲೆ ಕಲ್ಲಿನ ಹುಲಿಗಳು ಸಿಗುತ್ತವೆ. ಜೀವವಿಲ್ಲದ ಆ ಹುಲಿಗಳನ್ನು ಚಿಕ್ಕಂದಿನಲ್ಲಿ ಕಂಡವರು ಮರೆಯುವುದಿಲ್ಲ. ದಾರಿಯ ತಿರುವು, ಗೋಡೆಯ ಎತ್ತರ, ಬಾಗಿಲಿನ ನೆರಳು ಅವಕ್ಕೆ ಜೀವ ಕೊಟ್ಟಿವೆ. ಹಾಗೆಯೇ ಜೀವವಿರುವ ಚಿರತೆಯನ್ನು ಸಿಮೆಂಟ್ ನೆಲದ ಬೋನಿನಲ್ಲಿ ನಾವೊಂದು ಊರಲ್ಲಿ ನೋಡಿದ್ದೇವೆ. ನೆನಪಿನಲ್ಲಿ ಉಳಿದದ್ದು ವಾಸನೆ, ಮತ್ತು ಕಲ್ಲೆಸೆಯುತ್ತಿದ್ದ ಹುಡುಗರು. ಆ ಹುಡುಗರಿಗೆ ಅದನ್ನು ಕಲಿಸಿದ್ದು ಆ ಬೋನೇ.

ನಮ್ಮ ಜಿಲ್ಲೆಯ ಬಯಲಲ್ಲಿ ಕೃಷ್ಣಮೃಗಗಳಿವೆ. ಬಸ್ಸಿನ ಕಿಟಕಿಯಿಂದ ಒಮ್ಮೆ ಅವುಗಳ ಹಿಂಡು ನೆಗೆಯುವುದನ್ನು ಕಂಡ ಮಗುವಿಗೆ ಬೋನಿನ ಜಿಂಕೆ ಸಪ್ಪೆಯೆನಿಸುತ್ತದೆ. ಆದರೆ ಅದೇ ಹಿಂಡು ರೈತನ ಉದ್ದು, ಹೆಸರು, ಸೋಯಾ ಮೇಯುತ್ತದೆ. ನಮಗೆ ನೋಟ, ಅವನಿಗೆ ನಷ್ಟ. ಪ್ರಾಣಿಯನ್ನು ತೋರಿಸುವ ಒಳ್ಳೆಯ ಜಾಗವೆಂದರೆ ನೆರಳು, ನೀರು, ಕೂರಲು ಕಟ್ಟೆ, ಕಾಯುವ ಪುರಸೊತ್ತು ಇರುವ ಜಾಗ. ಜೊತೆಗೆ ಪಕ್ಕದ ಹೊಲದವನ ಬೆಳೆಗೆ ತಕ್ಕ ಪರಿಹಾರವೂ ಸಿಗುವ ಜಾಗ. ಅಷ್ಟಿಲ್ಲದೆ ಬರೀ ಬೋನು ಕಟ್ಟಿದರೆ ಮಕ್ಕಳು ಪ್ರಾಣಿಯನ್ನು ನೋಡಿಯಾರು, ಪ್ರಾಣಿದಯೆ ಕಲಿಯಲಾರರು.