ಹಿಟ್ಟಿನ ಹುಂಜದ ಕೂಗು: ‘ಯಶೋಧರ ಚರಿತೆ’ಯ ಬೆಳಕಿನಲ್ಲಿ ಎಳೆಯರ ಮೇಲಿನ ಮಾತಿನ ಹಿಂಸೆ

ವಿಜಯದಶಮಿಯ ದಿನ ಮೈಸೂರಿನ ಅರಮನೆಯಿಂದ ಹೊರಟ ಜಂಬೂಸವಾರಿ ಬನ್ನಿಮಂಟಪವನ್ನು ಸೇರಿ ವಿರಮಿಸುತ್ತದೆ. ಅಲ್ಲಿಯ ಬನ್ನಿಪೂಜೆಗೆ ಒಂದು ಹಳೆಯ ನೆನಪು ಅಂಟಿಕೊಂಡಿದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಊರನ್ನು ಹೊಗುವ ಮುನ್ನ ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಇರಿಸಿ ಬಂದರಂತೆ. ಜನರ ನಡುವೆ ಬಾಳಬೇಕಾದವನು ಆಯುಧವನ್ನು ಹೊರಗಿಟ್ಟು ಬರಬೇಕೆಂಬ ವಿವೇಕ ಆ ಕಥೆಯಲ್ಲಿದೆ. ಅದೇ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ನಡೆಯುವಾಗ ಸಾವಿರಾರು ಕೈಗಳು ಮೊಬೈಲನ್ನು ಮೇಲೆತ್ತಿ ಹಿಡಿಯುತ್ತವೆ. ಆ ಗಳಿಗೆಯಲ್ಲಿ ಅದು ಚಿತ್ರ ತೆಗೆಯುವ ನಿರಪಾಯಕಾರಿ ಸಾಧನ. ಮರುದಿನ ಶಾಲೆಯ ಹುಡುಗನೊಬ್ಬನ ಕೈಯಲ್ಲಿ ಅದೇ ಸಾಧನ ಸಹಪಾಠಿಯ ಮುಖವನ್ನು ವಿಕಾರಗೊಳಿಸಿ ಹತ್ತು ಗುಂಪುಗಳಿಗೆ ಹಂಚುವ ಆಯುಧವಾಗಬಲ್ಲದು. ಈ ಆಯುಧವನ್ನು ಇರಿಸಿ ಬರಲು ಬನ್ನಿಯ ಮರವಿಲ್ಲ. ಅದು ಮನೆಯೊಳಗೆ ದಿಂಬಿನ ಬಳಿಯೇ ಮಲಗುತ್ತದೆ.

ಸೈಬರ್ ಕಿರುಕುಳವೆಂದು ಪತ್ರಿಕೆಗಳು ಕರೆಯುವ ಈ ವ್ಯವಹಾರವನ್ನು ಅನೇಕ ಮನೆಗಳಲ್ಲಿ ಇನ್ನೂ ಮಕ್ಕಳಾಟವೆಂದೇ ಎಣಿಸಲಾಗುತ್ತಿದೆ. ಯಾರೂ ಕೈಯೆತ್ತಿಲ್ಲ, ರಕ್ತ ಬಂದಿಲ್ಲ, ಎದುರಿಗಿದ್ದದ್ದು ಬರಿಯ ಒಂದು ಚಿತ್ರ; ಹಾಗಿದ್ದ ಮೇಲೆ ಹಿಂಸೆ ಎಲ್ಲಿ ಎಂಬುದು ವಾದ. ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಕುಲಗಳಲ್ಲಿಯೂ ಈ ಮಾತು ಕೇಳಿಬರುವುದು ವಿಷಾದದ ಸಂಗತಿ. ಏಕೆಂದರೆ ಬರಿಯ ಚಿತ್ರಕ್ಕೆ ಮಾಡಿದ ಗಾಯವೂ ಹಿಂಸೆಯೇ ಎಂಬ ಪ್ರಶ್ನೆಯನ್ನು ಎತ್ತಿ ಉತ್ತರ ಹೇಳಿದ ಕಾವ್ಯ ಕನ್ನಡದಲ್ಲಿ 1209ರಷ್ಟು ಹಿಂದೆಯೇ ಹುಟ್ಟಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನ ‘ಯಶೋಧರ ಚರಿತೆ’ಯೇ ಆ ಕಾವ್ಯ.

ಕಥೆ ಜೈನ ಮನೆಗಳಿಗೆ ಅಪರಿಚಿತವಲ್ಲ. ಸೋಮದೇವನ ‘ಯಶಸ್ತಿಲಕ’ (959), ವಾದಿರಾಜನ ಸಂಸ್ಕೃತ ಕಾವ್ಯ ಇವುಗಳ ದಾರಿಯಲ್ಲಿ ಬಂದ ಈ ವೃತ್ತಾಂತವನ್ನು ಜನ್ನನು ಬಹುಮಟ್ಟಿಗೆ ಕಂದಪದ್ಯಗಳಲ್ಲಿ, ನಾಲ್ಕು ಅವತಾರಗಳಲ್ಲಿ ಹೇಳಿದ್ದಾನೆ. ರಾಜಪುರದ ಮಾರಿದತ್ತನು ಚಂಡಮಾರಿಗೆ ನರಬಲಿಯನ್ನು ಕೊಡಲು ಸಿದ್ಧನಾಗಿದ್ದಾನೆ. ಸುದತ್ತಾಚಾರ್ಯರ ಸಂಘದಿಂದ ಭಿಕ್ಷೆಗೆಂದು ಬಂದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ ಎಂಬ ಅಣ್ಣ ತಂಗಿಯರು, ತಳವಾರನ ಕೈಗೆ ಸಿಕ್ಕಿ ಬಲಿಪೀಠದ ಮುಂದೆ ನಿಲ್ಲುತ್ತಾರೆ. ಅಂಜದೆ ನಿಂತ ಮಕ್ಕಳನ್ನು ಕಂಡು ಅರಸನು ವಿಚಾರಿಸುತ್ತಾನೆ. ಅಭಯರುಚಿ ತನ್ನ ಹಿಂದಿನ ಭವಗಳ ಕಥೆಯನ್ನು ಹೇಳುತ್ತಾನೆ. ಉಜ್ಜಯಿನಿಯ ಯಶೋಧರನಾಗಿದ್ದಾಗ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಿರುವ ಕೋಳಿಯನ್ನು ಕೊಲ್ಲಲೊಲ್ಲದೆ, ಹಿಟ್ಟಿನ ಹುಂಜವೊಂದನ್ನು ಕಡಿದದ್ದೇ ಆ ಕಥೆಯ ತಿರುಳು. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗಿತು. ಬಣ್ಣ ಬರೆದ ಆ ಬೊಂಬೆಯೊಳಗೆ ಬೆಂತರವೊಂದು ನೆಲೆಗೊಂಡಿತ್ತೆಂದು ಕವಿ ಹೇಳುತ್ತಾನೆ. ಆ ಒಂದು ಏಟಿಗಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿ ಮುಂತಾದ ಭವಗಳಲ್ಲಿ ಬಿದ್ದು ನರಳುತ್ತಾರೆ.

ಈ ಶಿಕ್ಷೆ ಅಪರಾಧವನ್ನು ಮೀರಿದ್ದೆಂದು ಆಕ್ಷೇಪಿಸಿದ ವಿಮರ್ಶಕರುಂಟು. ಜೀವವಿಲ್ಲದ ಹಿಟ್ಟನ್ನು ಕಡಿದವನಿಗೆ ಇಷ್ಟು ಭವಗಳ ನರಳಿಕೆಯೇ ಎಂಬ ಈ ಸಂದೇಹ ಸಹಜವಾದುದೇ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ವಸ್ತುವನ್ನು ಮತ್ತೆ ಕೈಗೆತ್ತಿಕೊಂಡುದಕ್ಕೂ ಸಂಕಲ್ಪಹಿಂಸೆಯೆಂಬ ಈ ತೊಡಕೇ ಪ್ರೇರಣೆ. ದೇವಾಲಯಗಳ ಪ್ರವಚನಗಳಲ್ಲಂತೂ ಕಾವ್ಯವು ಬಹುಮಟ್ಟಿಗೆ ಪ್ರಾಣಿಬಲಿಯ ನಿಷೇಧಕ್ಕೆ ದೃಷ್ಟಾಂತವಾಗಿ ನಿಂತುಬಿಟ್ಟಿದೆ. ಬಲಿ ಕೊಡದ, ಮಾಂಸ ಮುಟ್ಟದ ಶ್ರಾವಕನು ಇದನ್ನು ಕೇಳಿ ತನಗೆ ಸಂಬಂಧಿಸಿದ್ದಲ್ಲವೆಂದು ನಿಶ್ಚಿಂತನಾಗಿ ಮನೆಗೆ ಮರಳುತ್ತಾನೆ. ಕಾವ್ಯದ ಇರಿತ ಇರುವುದು ಮಾತ್ರ ಬೇರೆ ಕಡೆ. ಪ್ರತಿಮೆಯನ್ನು ಕಡಿಯುವವನ ಮನಸ್ಸು ಯಾವುದನ್ನು ಕಡಿಯುತ್ತಿದೆ ಎಂಬುದೇ ಜನ್ನನ ಪ್ರಶ್ನೆ.

ಆ ಪ್ರಶ್ನೆಗೆ ಕಳೆದ ಎರಡು ದಶಕಗಳು ಭೀಕರವಾದ ಭಾಷ್ಯವನ್ನು ಬರೆದಿವೆ. 2006ರಲ್ಲಿ ಅಮೆರಿಕದ ಮಿಸೌರಿ ಸಂಸ್ಥಾನದಲ್ಲಿ ಮೇಗನ್ ಮಯರ್ ಎಂಬ 13 ವರ್ಷದ ಬಾಲಕಿ ಜಾಲತಾಣವೊಂದರಲ್ಲಿ ಪರಿಚಯವಾದ ಹುಡುಗನ ಸ್ನೇಹವನ್ನು ನಂಬಿದಳು. ಸ್ನೇಹವು ಒಮ್ಮೆಲೇ ನಿಂದೆಯಾಗಿ ತಿರುಗಿತು. ಬಾಲಕಿ ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಆಮೇಲೆ ತಿಳಿದದ್ದು, ಅಂಥ ಹುಡುಗನೇ ಇರಲಿಲ್ಲವೆಂಬುದು. ಆ ಖಾತೆಯನ್ನು ಸೃಷ್ಟಿಸಿದವರಲ್ಲಿ ನೆರೆಮನೆಯ ವಯಸ್ಕ ಹೆಂಗಸೇ ಇದ್ದಳು. ಹಿಟ್ಟಿನಿಂದ ಮಾಡಿದ ಆ ಬೊಂಬೆಯೊಳಗೆ ನೆಲೆಗೊಂಡಿದ್ದ ಬೆಂತರ ಮನುಷ್ಯರ ದ್ವೇಷವೇ. 2012ರಲ್ಲಿ ಕೆನಡಾದ ಅಮಾಂಡಾ ಟಾಡ್ ಎಂಬ 15ರ ಬಾಲಕಿಯ ಗತಿಯೂ ಅದೇ ಆಯಿತು. ಒಂದು ಚಿತ್ರವನ್ನು ಹಿಡಿದು ಬೆದರಿಸಿದವನು ದೂರದ ನೆದರ್‌ಲ್ಯಾಂಡ್ಸ್‌ನವನು. ಅವಳು ಶಾಲೆಯನ್ನು ಬದಲಿಸಿದರೂ ಚಿತ್ರ ಬೆನ್ನು ಬಿಡಲಿಲ್ಲ. ಅವನು ದೋಷಿಯೆಂದು ನ್ಯಾಯಾಲಯ ನಿರ್ಣಯಿಸುವ ಹೊತ್ತಿಗೆ 2022 ಬಂದಿತ್ತು.

ಕರ್ನಾಟಕಕ್ಕೂ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. 2023ರ ನವೆಂಬರ್‌ನಲ್ಲಿ ಕೊಡಗಿನ ವಿರಾಜಪೇಟೆಯವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಂಗಸಿನ ಶರೀರಕ್ಕೆ ಯಂತ್ರಬುದ್ಧಿಯಿಂದ ಜೋಡಿಸಿದ ನಕಲಿ ದೃಶ್ಯವೊಂದು ದೇಶದ ತುಂಬ ಹರಿದಾಡಿತು. ಅವರು ಬಹಿರಂಗವಾಗಿ ಪ್ರತಿಕ್ರಿಯಿಸುತ್ತ, ತಾವು ಶಾಲೆ ಅಥವಾ ಕಾಲೇಜಿನಲ್ಲಿದ್ದಾಗ ಇದು ಒದಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದೆಂಬ ಅರ್ಥದ ಮಾತನ್ನು ಹೇಳಿದರು. ಹೆಸರು, ಬೆಂಬಲ, ವಕೀಲರು ಎಲ್ಲವೂ ಇದ್ದವರ ಮಾತಿದು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆರೋಪಿಯನ್ನು ಬಂಧಿಸಿದರು. ಬನ್ನಿಮಂಟಪದ ಬಡಾವಣೆಯ ಒಂದು ಮನೆಯಲ್ಲಿ ಒಂಬತ್ತನೆಯ ತರಗತಿ ಓದುವ ಹುಡುಗಿಗೆ ಅಂಥದೇ ಒದಗಿದರೆ ಅವಳ ಬಳಿ ಇರುವುದೇನು? ಬಾಗಿಲು ಮುಚ್ಚಿದ ಒಂದು ಕೋಣೆ, ಮತ್ತು ತಂದೆಗೆ ತಿಳಿದೀತೆಂಬ ಭಯ.

ಆ ಭಯವನ್ನೂ ಜನ್ನನು ಬಲ್ಲ. ಯಶೋಧರನ ದುರಂತ ಮೊದಲಾಗುವುದು ಹಿಟ್ಟಿನ ಹುಂಜದಿಂದಲ್ಲ, ಬಾಯಿಬಿಡಲಾಗದ ನಾಚಿಕೆಯಿಂದ. ರಾಣಿ ಅಮೃತಮತಿಯ ಗುಟ್ಟನ್ನು ಇರುಳಿನಲ್ಲಿ ಕಂಡ ಅರಸನು ಎತ್ತಿದ ಕತ್ತಿಯನ್ನು ಕೆಳಗಿಳಿಸುತ್ತಾನೆ. ಆದರೆ ಮರುದಿನ ನೈದಿಲೆಯ ಹೂವಿನಿಂದ ಅವಳನ್ನು ಹೊಡೆದು ಚುಚ್ಚುಮಾತನಾಡುತ್ತಾನೆ. ಕತ್ತಿ ತಡೆದ ಹಿಂಸೆ ನಗೆಮಾತಿನಲ್ಲಿ ಹೊರಬಿತ್ತು. ತಾಯಿ ಕಾರಣ ಕೇಳಿದಾಗ ಕಂಡದ್ದನ್ನು ಹೇಳಲಾರದೆ ಕೆಟ್ಟ ಕನಸಿನ ನೆಪವನ್ನು ಹೂಡುತ್ತಾನೆ. ತಾಯಿ ಆ ಕನಸಿಗೆ ಪರಿಹಾರವಾಗಿ ಬಲಿಯನ್ನು ಸೂಚಿಸುತ್ತಾಳೆ. ನಿಜವಾದ ನೋವು ಒಂದು, ತಾಯಿ ಕೇಳಿದ್ದು ಇನ್ನೊಂದು, ಮಾಡಿದ ಮದ್ದು ಮತ್ತೊಂದು. ಮಗಳು ಹೊಟ್ಟೆನೋವೆಂದು ಶಾಲೆಗೆ ಹೋಗಲೊಲ್ಲದಾಗ ಕಷಾಯ ಕಾಸುವ, ಮಗನು ಮಂಕಾದಾಗ ದೃಷ್ಟಿ ತೆಗೆಯುವ ಮನೆಗಳು ಚಂದ್ರಮತಿಯ ಅರಮನೆಗಿಂತ ಬಹಳ ದೂರದಲ್ಲಿಲ್ಲ.

‘ತಮಾಷೆಗೆ ಮಾಡಿದ್ದು’ ಎಂಬುದು ಕಿರುಕುಳ ಕೊಟ್ಟ ಎಳೆಯರ ಸಾಮಾನ್ಯ ಸಮಾಧಾನ. ಶ್ರಾವಕಾಚಾರ ಈ ಸಮಾಧಾನವನ್ನು ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರವು ಅನರ್ಥದಂಡವ್ರತದ ಅತಿಚಾರಗಳಲ್ಲಿ ಕಂದರ್ಪ, ಕೌತ್ಕುಚ್ಯ, ಮೌಖರ್ಯಗಳನ್ನು ಎಣಿಸಿದೆ: ಹೊಲಸು ಹಾಸ್ಯ, ಅಂಗಚೇಷ್ಟೆಯ ಅಣಕ, ಹಿಡಿತವಿಲ್ಲದ ಬಾಯಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವಿದೆ, ಎಂದರೆ ಏಕಾಂತದ ಸಂಗತಿಯನ್ನು ಬಯಲು ಮಾಡುವುದು. ಕೂಟಲೇಖಕ್ರಿಯೆ ಇದೆ, ಎಂದರೆ ಬೇರೊಬ್ಬರ ಹೆಸರಿನಲ್ಲಿ ಸುಳ್ಳು ಬರಹವನ್ನು ಹುಟ್ಟಿಸುವುದು. ಸಾಕಾರಮಂತ್ರಭೇದವಿದೆ, ಎಂದರೆ ಚಹರೆಯಿಂದ ಊಹಿಸಿದ ಗುಟ್ಟನ್ನು ಹೊರಗೆಡಹುವುದು. ನಕಲಿ ಖಾತೆ, ಕದ್ದ ಚಿತ್ರ, ಹಂಚಿದ ಖಾಸಗಿ ಸಂದೇಶ ಇವು ಯಾವುವೂ ಈ ಪಟ್ಟಿಗೆ ಹೊಸವಲ್ಲ.

ಇನ್ನು ಬರಿಯ ಮನಸ್ಸು ನೊಂದರೆ ಅದು ಪ್ರಾಣಘಾತವಾದೀತೇ ಎಂಬ ಸಂದೇಹ. ಜೈನಾಗಮವು ಪ್ರಾಣವನ್ನು ಉಸಿರಿಗೆ ಮಾತ್ರ ಸೀಮಿತಗೊಳಿಸಿಲ್ಲ. ಪ್ರಾಣಗಳು 10: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಸ್ಸು, ಶ್ವಾಸೋಚ್ಛ್ವಾಸ. ಮನೋಬಲವೂ ಒಂದು ಪ್ರಾಣವೇ ಆದ ಮೇಲೆ, ಹುಡುಗಿಯೊಬ್ಬಳು ಕನ್ನಡಿ ನೋಡಲಾರದಂತೆ, ತರಗತಿಯಲ್ಲಿ ಬಾಯಿ ತೆರೆಯಲಾರದಂತೆ ಮಾಡುವುದು ಪ್ರಾಣಘಾತವಲ್ಲದೆ ಮತ್ತೇನು? ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತ, ಮನ, ವಚನ, ಕಾಯ ಎಂಬ ಮೂರು ದಾರಿ, ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆ, ನಾಲ್ಕು ಕಷಾಯಗಳು. ಇವನ್ನು ಗುಣಿಸಿ ಶಾಸ್ತ್ರಕಾರರು 108 ಭೇದಗಳನ್ನು ಹೇಳಿದ್ದಾರೆ. ಚಿತ್ರವನ್ನು ತಿದ್ದಿದವನು ಕೃತದೋಷಿ, ತಿದ್ದೆಂದು ಹುರಿದುಂಬಿಸಿದವನು ಕಾರಿತದೋಷಿ, ಹೆಬ್ಬೆರಳಿನ ಗುರುತನ್ನು ಒತ್ತಿ ನಕ್ಕವನು ಅನುಮೋದನದೋಷಿ. ಮುಂದಕ್ಕೆ ಕಳಿಸಿದವನಂತೂ ತಾನೇ ಮತ್ತೊಮ್ಮೆ ಕಡಿದವನು. ‘ಕಳಿಸಿದೆ ಅಷ್ಟೆ, ಮಾಡಿದವನು ನಾನಲ್ಲ’ ಎಂಬ ಮಾತಿಗೆ ಈ ಲೆಕ್ಕದಲ್ಲಿ ಸ್ಥಳವಿಲ್ಲ.

ಇಷ್ಟಾದರೂ ಕಾವ್ಯವನ್ನು ಇಂದಿನ ವಿಷಯಕ್ಕೆ ತರುವಾಗ ಎರಡು ಎಚ್ಚರಗಳು ಅಗತ್ಯ. ಮೊದಲನೆಯದು, ಜನ್ನನಲ್ಲಿ ಭವಭವಗಳ ನರಳಿಕೆ ಕಡಿದವನ ಪಾಲಿಗೆ ಬರುತ್ತದೆ. ಜಾಲದಲ್ಲಿ ಅದು ಮೊದಲು ಗಾಯಗೊಂಡವರ ಪಾಲಿಗೆ ಬರುತ್ತದೆ. ಅಳಿಸಿದ ಚಿತ್ರ ಹೊಸ ಶಾಲೆಯಲ್ಲಿ, ಹೊಸ ಊರಿನಲ್ಲಿ ಮರುಹುಟ್ಟು ಪಡೆಯುತ್ತದೆ. ಆದ್ದರಿಂದ ನೊಂದ ಮಗುವಿನ ಮುಂದೆ ‘ಅವಳ ಪೂರ್ವಕರ್ಮ’ ಎಂದು ಹೇಳುವುದು ಸಿದ್ಧಾಂತದ ದುರುಪಯೋಗ. ಕರ್ಮವಿಚಾರ ತನ್ನ ಮನಸ್ಸನ್ನು ತಾನು ತೊಳೆಯಲು ಇರುವ ನೀರು, ಪರರ ಗಾಯಕ್ಕೆ ಹಚ್ಚುವ ಉಪ್ಪಲ್ಲ. ಅಭಯರುಚಿ ತನ್ನ ಭವಗಳ ಲೆಕ್ಕವನ್ನು ತಾನೇ ಹೇಳಿಕೊಳ್ಳುತ್ತಾನೆಯೇ ಹೊರತು ಬೇರೆಯವರು ಅವನ ಮೇಲೆ ಹೊರಿಸುವುದಿಲ್ಲ.

ಎರಡನೆಯದು, ಕವಿಯೂ ಈ ದೋಷದಿಂದ ಪೂರ್ತಿ ಮುಕ್ತನಲ್ಲ. ಅಮೃತಮತಿ ಒಲಿದ ಮಾವುತ ಅಷ್ಟಾವಂಕನ ಅಂಗವಿಕಾರವನ್ನು ಜನ್ನನು ಸಾಲುಗಟ್ಟಿ ವರ್ಣಿಸುತ್ತಾನೆ. ಓದುಗರೂ ಪಾಠ ಹೇಳುವವರೂ ಆ ಪದ್ಯಗಳನ್ನು ಚಪ್ಪರಿಸಿದ್ದುಂಟು. ರಾಣಿಯ ಮೋಹದ ವೈಪರೀತ್ಯವನ್ನು ತೋರಲು ಕವಿಗೆ ಅದು ಬೇಕಾಗಿತ್ತು, ನಿಜ. ಆದರೆ ಹಿಟ್ಟಿನ ಹುಂಜದ ಕೂಗನ್ನು ಕೇಳಿಸಿಕೊಂಡ ಕಾವ್ಯ ಅಷ್ಟಾವಂಕನ ಶರೀರದ ಬಳಿ ನಗೆಗೆ ಎಡೆಗೊಟ್ಟಿತೆಂಬುದನ್ನು ಮರೆಮಾಚಬೇಕಾಗಿಲ್ಲ. ದಪ್ಪ, ಕುಳ್ಳು, ಕಪ್ಪು, ತೊದಲು ಎಂದು ಸಹಪಾಠಿಗೆ ಹೆಸರಿಡುವ ಮಕ್ಕಳು ಆ ಪಾಠವನ್ನು ಮೊಬೈಲಿನಿಂದ ಮಾತ್ರ ಕಲಿತಿಲ್ಲ. ಮನೆಯ ಹಿರಿಯರ ಹರಟೆಯಿಂದಲೂ ಕಲಿತಿದ್ದಾರೆ.

ಕಾನೂನಿನ ನೆರವು ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಗೊಳಿಸಿದರೂ, ಬೇರೊಬ್ಬರ ಗುರುತನ್ನು ಕದಿಯುವುದು (66ಸಿ), ಖಾಸಗಿತನದ ಭಂಗ (66ಇ), ಮಕ್ಕಳ ಅಶ್ಲೀಲ ಚಿತ್ರಣ (67ಬಿ) ಇವು ಇಂದಿಗೂ ದಂಡನೀಯ. 2012ರ ಪೋಕ್ಸೊ ಕಾಯ್ದೆಯೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಜೊತೆಗಿವೆ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ತಂತ್ರಜ್ಞಾನದ ಬಳಕೆಯಿಂದ ತೊಂದರೆಗೆ ಸಿಲುಕಿದವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ. ಬಂದ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ದೂರು ಕೊಡಬೇಕೆಂಬುದನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಈ ಸಂಖ್ಯೆಗಳನ್ನು ಬಸದಿಯ ಸೂಚನಾಫಲಕದಲ್ಲಿ ಪೂಜಾಸಮಯದ ಪಕ್ಕದಲ್ಲಿಯೇ ಬರೆಸಿದರೆ ಟ್ರಸ್ಟಿಗೆ ತಗಲುವ ವೆಚ್ಚ ಅತ್ಯಲ್ಪ.

ಟ್ರಸ್ಟುಗಳು ಮಾಡಬೇಕಾದುದು ಇನ್ನೂ ಉಂಟು. ಪಾಠಶಾಲೆಯ ಮಕ್ಕಳ ಚಿತ್ರಗಳನ್ನು ಅವರನ್ನು ಕೇಳದೆ ನೂರಾರು ಸದಸ್ಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಪರೀಕ್ಷೆಯ ಅಂಕಗಳನ್ನು ಹೋಲಿಸಿ ಹಂಚುವುದು, ವಿವಾಹಸಂಬಂಧದ ಮಾತಿನಲ್ಲಿ ಹುಡುಗಿಯ ಬಣ್ಣವನ್ನು ಚರ್ಚಿಸುವುದು ನಿಲ್ಲಬೇಕು. ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯ ಒಂದೇ ಸಿದ್ಧ ಸಂದೇಶ ಎಲ್ಲರ ಮೊಬೈಲಿಗೂ ಹೋಗುತ್ತದೆ. ನೊಂದವನೊಬ್ಬನ ಮನೆಯ ಬಾಗಿಲಿಗೆ ಮಾತ್ರ ಯಾರೂ ಹೋಗುವುದಿಲ್ಲ. ತಪ್ಪು ಮಾಡಿದ ಹುಡುಗನನ್ನು ಹಿರಿಯರೇ ಕರೆದುಕೊಂಡು ಹೋಗಿ, ಹರಡಿದ ಚಿತ್ರವನ್ನು ಹಿಂತೆಗೆಸಿ, ಎದುರು ನಿಲ್ಲಿಸಿ ಕ್ಷಮೆ ಕೇಳಿಸುವುದೇ ಉತ್ತಮಕ್ಷಮೆಯ ಆಚರಣೆ. ಅವನೂ ಮಗುವೇ ಆದುದರಿಂದ ಅವನನ್ನು ಬೀದಿಯಲ್ಲಿ ಅವಮಾನಿಸುವುದೂ ಪರಿಹಾರವಲ್ಲ. ನೊಂದ ಮಗು ಆ ಭೇಟಿಗೆ ಒಪ್ಪದಿದ್ದರೆ ಒತ್ತಾಯವೂ ಸಲ್ಲದು.

ಚಂಡಮಾರಿಯ ಗುಡಿಯಲ್ಲಿ ಆ ಎರಡು ಮಕ್ಕಳ ಜೀವ ಉಳಿದದ್ದು ಯಾವ ಪವಾಡದಿಂದಲೂ ಅಲ್ಲ. ಅರಸನು ಕೇಳಿದನು, ಮಗು ಹೇಳಿತು, ಹೇಳಿ ಮುಗಿಯುವ ತನಕ ಅರಸನು ತಡೆಯದೆ ಆಲಿಸಿದನು. ಆಲಿಸಿದುದರಿಂದಲೇ ಕತ್ತಿ ಕೆಳಗಿಳಿಯಿತು, ಬಲಿಯೂ ನಿಂತಿತು. ಮಾರಿದತ್ತನಂಥವನಿಗೆ ಸಾಧ್ಯವಾದ ಆ ತಾಳ್ಮೆ ಶ್ರಾವಕರ ಮನೆಯ ತಂದೆತಾಯಿಯರಿಗೆ ಅಸಾಧ್ಯವಾಗಬಾರದು. ರಾತ್ರಿಯೂಟವಿಲ್ಲದ ಮನೆಗಳಲ್ಲಿ ಸಂಜೆಯ ಊಟ ಬೇಗ ಮುಗಿಯುತ್ತದೆ. ಆ ಬಳಿಕ ಉಳಿಯುವ ಹೊತ್ತಿನಲ್ಲಿ ಅರ್ಧ ಗಂಟೆ ಹಿರಿಯರೂ ಕಿರಿಯರೂ ಮೊಬೈಲನ್ನು ಒಂದೆಡೆ ಇರಿಸಿ, ಬೈಗುಳದ ಭಯವಿಲ್ಲದೆ ಮಗು ಮಾತನಾಡುವಂತೆ ಅವಕಾಶ ಕೊಡಲಿ. ಅಭಯದಾನವು ದಾನಗಳಲ್ಲಿ ಶ್ರೇಷ್ಠವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದನ್ನು ಮೊದಲು ಪಡೆಯಬೇಕಾದವರು ಮನೆಯ ಮಕ್ಕಳು.