ಮಾತ್ರೆ ಸರಿ, ಹೇಳಬೇಕಾದ ಮಾತು ಸಾಲದು

ಪಿಸಿಒಡಿ (ಪಿಸಿಒಎಸ್ ಎಂದೂ ಹೇಳುತ್ತಾರೆ) ಇದ್ದು ಮಗುವಿಗಾಗಿ ಚಿಕಿತ್ಸೆಗೆ ಬಂದ ಹೆಣ್ಣುಮಕ್ಕಳ ಚೀಟಿಯಲ್ಲಿ ಇಂದು ಹೆಚ್ಚಾಗಿ ಕಾಣುವ ಹೆಸರು ಲೆಟ್ರೊಜೋಲ್. ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಐದು ದಿನ ಮಾತ್ರೆ. ಆಮೇಲೆ ಅಂಡ ಎಷ್ಟು ಬೆಳೆದಿದೆಯೆಂದು ನೋಡಲು ಫಾಲಿಕ್ಯುಲರ್ ಸ್ಕ್ಯಾನ್. ಬೇಕೆನಿಸಿದರೆ ಅಂಡ ಬಿಡುಗಡೆಗೊಂದು ಇಂಜೆಕ್ಷನ್, ಎಷ್ಟೋ ಕಡೆ ಬಳಿಕ ಎರಡು ವಾರ ಪ್ರೊಜೆಸ್ಟರಾನ್. ಇದರಲ್ಲಿ ಔಷಧದ ಆಯ್ಕೆಗೆ ಗಟ್ಟಿ ಆಧಾರವಿದೆ. ಲೋಪವಿರುವುದು ಅದನ್ನು ಕೊಡುವ ರೀತಿಯಲ್ಲಿ. ಅಡ್ಡಪರಿಣಾಮಗಳ ಬಗ್ಗೆ ಕೇಳಿದವರಿಗೆ ‘ಏನೂ ಆಗಲ್ಲ, ತಗೊಳ್ಳಿ’ ಎಂಬ ಉತ್ತರ ಸಿಗುವ ಕಡೆ ಚಿಕಿತ್ಸೆ ಅರ್ಧಕ್ಕೇ ನಿಂತಿದೆ ಎಂದೇ ನನ್ನ ತೀರ್ಮಾನ.

ಮೊದಲು ಔಷಧಗಳ ಗುಣದೋಷ ನೋಡೋಣ. ಅಮೆರಿಕದಲ್ಲಿ 1967ರಲ್ಲಿ ಅನುಮೋದನೆ ಪಡೆದ ಕ್ಲೋಮಿಫೀನ್ ದಶಕಗಳ ಕಾಲ ಈ ಚಿಕಿತ್ಸೆಯ ಬೆನ್ನೆಲುಬಾಗಿತ್ತು. ಅದು ಮಿದುಳಿಗೆ ಈಸ್ಟ್ರೊಜೆನ್‌ನ ಸುಳಿವು ಸಿಗದಂತೆ ತಡೆಯುತ್ತದೆ. ಈಸ್ಟ್ರೊಜೆನ್ ಕಡಿಮೆಯಾಗಿದೆಯೆಂದು ಬಗೆದ ಮಿದುಳು ಅಂಡಾಶಯವನ್ನು ಎಬ್ಬಿಸುವ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನವರಿಗೆ ಬರುವಂಥ ಮೈಬಿಸಿ, ತಲೆನೋವು, ಸಿಡುಕು ಎಲ್ಲಕ್ಕೂ ಈ ತಡೆಯೇ ಮೂಲ. ಕೆಲವರಲ್ಲಿ ಗರ್ಭಕೋಶದ ಒಳಪದರ ತೆಳುವಾಗಿ ಔಷಧದ ಉದ್ದೇಶಕ್ಕೇ ಅಡ್ಡಿಯಾಗುತ್ತದೆ. ಕಣ್ಣು ಮಂಜಾಗುವುದು, ಮಿಂಚು ಕಾಣುವುದು ಅಪರೂಪ. ಆದರೆ ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಲೇಬೇಕು. ಇದನ್ನು ಮೊದಲೇ ಹೇಳದಿದ್ದರೆ, ನಿದ್ದೆಗೆಟ್ಟದ್ದಕ್ಕೆ ಹೀಗಾಗಿರಬೇಕೆಂದು ಆಕೆ ಮರುದಿನವೂ ಮಾತ್ರೆ ನುಂಗಬಹುದು.

ಲೆಟ್ರೊಜೋಲ್ ಮೂಲತಃ ಸ್ತನ ಕ್ಯಾನ್ಸರ್‌ನ ಔಷಧ. ಈಸ್ಟ್ರೊಜೆನ್ ತಯಾರಿಕೆಯನ್ನೇ ತಾತ್ಕಾಲಿಕವಾಗಿ ತಗ್ಗಿಸುತ್ತದೆ, ಮೈಯಿಂದ ಬೇಗ ಹೊರಹೋಗುತ್ತದೆ. ಭಾರತ ಸರ್ಕಾರ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದರ ಬಳಕೆಯನ್ನು ನಿಷೇಧಿಸಿತು. ಹುಟ್ಟುವ ಮಗುವಿಗೆ ತೊಂದರೆಯಾದೀತೆಂಬ ಆತಂಕ ಅದರ ಹಿಂದಿತ್ತು. 2014ರಲ್ಲಿ ಅಮೆರಿಕದಲ್ಲಿ ಪಿಸಿಒಎಸ್ ಇರುವ 750 ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ಐದು ಮಾಸಿಕ ಚಕ್ರಗಳವರೆಗಿನ ಚಿಕಿತ್ಸೆಯಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇ 27.5, ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1 ಮಂದಿಗೆ ಮಗುವಾಯಿತು. ಶಿಶುಗಳ ಜನ್ಮಜಾತ ದೋಷಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಇಲ್ಲಿನ ನಿಷೇಧವೂ ತೆರವಾಯಿತು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು.

ಅದೇ ಅಧ್ಯಯನದಲ್ಲಿ ಮೈಬಿಸಿ ಕ್ಲೋಮಿಫೀನ್‌ನವರಲ್ಲಿ ಮೂವರಲ್ಲಿ ಒಬ್ಬರಿಗೆ, ಲೆಟ್ರೊಜೋಲ್‌ನವರಲ್ಲಿ ಐವರಲ್ಲಿ ಒಬ್ಬರಿಗೆ ಬಂತು. ಸುಸ್ತು ಮತ್ತು ತಲೆಸುತ್ತು ಮಾತ್ರ ಲೆಟ್ರೊಜೋಲ್‌ನವರಲ್ಲೇ ಹೆಚ್ಚು. ಈ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹೆಚ್ಚು ಫಲ ಕೊಟ್ಟ ಔಷಧ ತೆಗೆದುಕೊಂಡರೂ ಅಧ್ಯಯನದ ಅವಧಿಯಲ್ಲಿ ನಾಲ್ವರಲ್ಲಿ ಸುಮಾರು ಮೂವರ ಮಡಿಲು ತುಂಬಲಿಲ್ಲ. ಆ ಮೂವರ ಪಾಲಿಗೆ ಆ ತಿಂಗಳುಗಳಲ್ಲಿ ದಕ್ಕಿದ್ದು ಸುಸ್ತು, ಸ್ಕ್ಯಾನು, ಕಾಯುವಿಕೆ. ಮಗುವಾದರೆ ಎಲ್ಲ ಮರೆತುಹೋಗುತ್ತದೆ ಎಂಬ ಸಮಾಧಾನ ಅವರಿಗೆ ಹೇಗೆ ಒಪ್ಪುತ್ತದೆ? ಅಡ್ಡಪರಿಣಾಮವನ್ನು ಗಂಭೀರವಾಗಿ ಪರಿಗಣಿಸಬೇಕಾದ್ದು ಅವರಿಗಾಗಿ.

ಮೆಟ್‌ಫಾರ್ಮಿನ್‌ನ ಕಥೆ ಬೇರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಿಗೆ ಇದರ ಉಪಯೋಗವಿದೆ. ಆದರೆ ಇದೊಂದರಿಂದಲೇ ಗರ್ಭ ನಿಲ್ಲುತ್ತದೆಂಬ ಭರವಸೆ ಹುಸಿ. 2007ರಲ್ಲಿ ಪ್ರಕಟವಾದ, 626 ಮಹಿಳೆಯರ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಮಾತ್ರ ಪಡೆದವರಲ್ಲಿ ಶೇ 7.2 ಮಂದಿಗೆ ಮಗುವಾದರೆ, ಕ್ಲೋಮಿಫೀನ್ ಪಡೆದವರಲ್ಲಿ ಅದು ಶೇ 22.5. ವಾಕರಿಕೆ, ಭೇದಿ, ಬಾಯಲ್ಲಿ ಲೋಹದ ರುಚಿ ಇದರ ಸಾಮಾನ್ಯ ಕಾಟ. ಕಡಿಮೆ ಪ್ರಮಾಣದಿಂದ ಶುರುಮಾಡಿ, ಊಟದ ಜೊತೆ ತೆಗೆದುಕೊಂಡು, ನಿಧಾನವಾಗಿ ಏರಿಸಿದರೆ ಬಹುಪಾಲು ತಗ್ಗುತ್ತದೆ. ಇಷ್ಟನ್ನು ಹೇಳದೆ ಪೂರ್ತಿ ಪ್ರಮಾಣ ಬರೆದುಕೊಟ್ಟರೆ, ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸು ಒಂದೇ ವಾರಕ್ಕೆ ಮಾತ್ರೆ ಬಿಡುತ್ತಾಳೆ. ಮುಂದಿನ ಭೇಟಿಯಲ್ಲಿ ‘ಸರಿಯಾಗಿ ತಗೊಂಡಿಲ್ಲ’ ಎಂದು ಬೈಸಿಕೊಳ್ಳುವವಳೂ ಅವಳೇ.

ಇನ್ನು ಪ್ರೊಜೆಸ್ಟರಾನ್. ಎದೆ ಬಿಗಿತ, ಹೊಟ್ಟೆಯುಬ್ಬರ, ತೂಕಡಿಕೆ ಇದರಿಂದ ಬರುತ್ತವೆ. ಬಸಿರಿನ ಮೊದಲ ಲಕ್ಷಣಗಳೂ ಇವೇ. ಮುಟ್ಟು ತಡವಾಗುವುದೂ ಉಂಟು. ಕಾರಣ ಮಾತ್ರೆಯೆಂದು ತಿಳಿಯದವಳು ದಿನವೂ ಲಕ್ಷಣ ಎಣಿಸುತ್ತ, ವಿಶೇಷ ಇದೆಯೆಂದೇ ನಂಬಿ, ಕೊನೆಗೆ ಕುಸಿಯುತ್ತಾಳೆ. ತಡೆಯಬಹುದಾದ ಈ ನೋವನ್ನು ತಡೆಯದಿರುವುದು ನನಗೆ ಅತ್ಯಂತ ಕ್ರೂರವಾಗಿ ಕಾಣುತ್ತದೆ.

ಹೆಚ್ಚು ಹೇಳಿದರೆ ಹೆದರಿ ಮಾತ್ರೆಯನ್ನೇ ಬಿಟ್ಟಾರು ಎಂಬುದು ವೈದ್ಯರ ವಾದ. ಒಬ್ಬ ರೋಗಿಗೆ ಕೆಲವೇ ನಿಮಿಷ ಸಿಗುವ ಒಪಿಡಿಯಲ್ಲಿ ಅವರ ಇಕ್ಕಟ್ಟೂ ನಿಜ. ಆದರೆ ಹೇಳದೆ ಇರುವುದರಿಂದ ಹೆದರಿಕೆ ದುಪ್ಪಟ್ಟಾಗುತ್ತದೆ. ಲೆಟ್ರೊಜೋಲ್ ಪೊಟ್ಟಣದ ಚೀಟಿಯಲ್ಲೋ ಮೊಬೈಲಿನಲ್ಲೋ ‘ಕ್ಯಾನ್ಸರ್’ ಎಂಬ ಪದ ಕಂಡು, ಅತ್ತೆಯ ಮುಂದೆ ಬಾಯಿಬಿಡಲಾಗದೆ, ರಾತ್ರಿಯೆಲ್ಲ ಒಬ್ಬಳೇ ಒದ್ದಾಡುವವಳ ಭಯವನ್ನು ವೈದ್ಯರ ಎರಡೇ ಮಾತು ನೀಗಿಸಬಲ್ಲವು.

ಒಳ್ಳೆಯ ಚಿಕಿತ್ಸೆಗೆ ನನ್ನ ಅಳತೆಗೋಲು ಸರಳ. ಮಾತ್ರೆ ಶುರುಮಾಡುವ ಮೊದಲು ಗಂಡನ ವೀರ್ಯ ಪರೀಕ್ಷೆಯಾಗಿರಬೇಕು. ಅದಿಲ್ಲದೆ ಹೆಂಡತಿಗೆ ತಿಂಗಳುಗಟ್ಟಲೆ ಹಾರ್ಮೋನು ಕೊಡುವುದು ಅನ್ಯಾಯ. ಸಾಮಾನ್ಯವಾಗಿ ಏನಾಗಬಹುದು, ಎಷ್ಟು ದಿನ ಇರುತ್ತದೆ, ಯಾವುದಕ್ಕೆ ತಕ್ಷಣ ಓಡಿಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು. ಅದರಲ್ಲೂ ಇಂಜೆಕ್ಷನ್ ಪಡೆಯುವವರಿಗೆ. ಪಿಸಿಒಎಸ್ ಇರುವವರಲ್ಲಿ ಅಂಡಾಶಯ ಅತಿಯಾಗಿ ಕೆರಳುವ ಅಪಾಯ ಹೆಚ್ಚು. ಹೊಟ್ಟೆ ಬಿಗಿದು ನೋಯುವುದು, ಒಂದೆರಡು ದಿನದಲ್ಲೇ ತೂಕ ಏರುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಅವಳಿಗಳಾಗುವ ಸಾಧ್ಯತೆಯನ್ನೂ ಮುಚ್ಚಿಡಬಾರದು. ಫಲಿಸದಿದ್ದರೆ ಎಷ್ಟು ತಿಂಗಳಿಗೆ ದಾರಿ ಬದಲಿಸುತ್ತೇವೆ ಎಂಬುದೂ ಮೊದಲ ದಿನವೇ ನಿಗದಿಯಾಗಬೇಕು.

ಇಂಥ ಒಂದು ಪುಟ ಅಚ್ಚು ಹಾಕಿಸಲು ಆಸ್ಪತ್ರೆಗೆ ತಗಲುವ ಖರ್ಚು ಒಂದು ಸ್ಕ್ಯಾನಿಗಿಂತ ಕಡಿಮೆ. ತನ್ನ ಮೈಯನ್ನೇ ಪ್ರಯತ್ನಕ್ಕೊಡ್ಡಿದವಳು ಅದನ್ನು ಕೇಳಿ ಪಡೆಯುವಂತಾಗಬಾರದು. ಚೀಟಿಯ ಜೊತೆಗೇ ಅದು ಅವಳ ಕೈಸೇರಬೇಕು.